8 ಜಿ ಅಂದ್ರೆ ಪೈಲಟ್ ಮೈಗೆ ಏನಾಗುತ್ತೆ

ಯಲಹಂಕ ಏರ್ ಶೋದಲ್ಲಿ ತೇಜಸ್ ಯುದ್ಧವಿಮಾನ ಅಷ್ಟು ಜೋರಾಗಿ ತಿರುಗುವಾಗ ಒಳಗಿರೋ ಪೈಲಟ್‌ಗೆ ತಲೆ ಸುತ್ತಲ್ವಾ ಅಂತ ಕೇಳಿದ್ರಲ್ಲ ಸರ್, ತಲೆ ಸುತ್ತೋದು ಚಿಕ್ಕ ವಿಷ್ಯ ಬಿಡಿ, ನಿಜವಾದ ತೊಂದ್ರೆ ರಕ್ತದ್ದು. ಜಿ ಅಂದ್ರೆ ಭೂಮಿ ನಮ್ಮನ್ನ ಎಳೆಯೋ ಬಲ, ತೇಜಸ್ ತಿರುಗುವಾಗ ಅದ್ರ ಎಂಟು ಪಟ್ಟು, 8 ಜಿ ವರೆಗೂ ಹೋಗುತ್ತೆ, ಅಂದ್ರೆ 70 ಕೇಜಿ ಮನುಷ್ಯ ಸೀಟಲ್ಲಿ 560 ಕೇಜಿ ಆದಂಗೆ, ರಕ್ತ ಎಲ್ಲಾ ಕಾಲಿಗಿಳಿದು ಮಿದುಳಿಗೆ ಸಿಗಲ್ಲ, ಮೊದ್ಲು ಬಣ್ಣ ಮಾಸಿ ಎಲ್ಲಾ ಬೂದುಬೂದು ಕಾಣುತ್ತೆ, ಆಮೇಲೆ ಕಣ್ಣಂಚು ಕತ್ತಲಾಗಿ ಕೊಳವೆಯೊಳಗಿಂದ ನೋಡಿದಂಗೆ, ಆಗ್ಲೂ ವಿಮಾನ ತಿರುಗಿಸೋ ಸ್ಟಿಕ್ ಸಡಿಲ ಬಿಟ್ಟಿಲ್ಲ ಅಂದ್ರೆ ಎಚ್ಚರ ತಪ್ಪುತ್ತೆ. ಅದಕ್ಕೇ ಜಿ ಸೂಟ್, ಗಾಳಿ ತುಂಬಿ ತೊಡೆ ಹೊಟ್ಟೆ ಅಮುಕಿ ಹಿಡಿಯುತ್ತೆ, ಬಿಪಿ ನೋಡುವಾಗ ತೋಳಿಗೆ ಪಟ್ಟಿ ಕಟ್ತಾರಲ್ಲ ಥೇಟ್ ಹಂಗೆ.

ಆದ್ರೆ ಸೂಟ್ ಒಂದೇ ಸಾಲಲ್ಲ, ಉಳಿದಿದ್ದು ಪೈಲಟ್ ತಾನೇ ಮಾಡ್ಬೇಕು, ಕಾಲು ಹೊಟ್ಟೆ ಬಿಗಿ ಹಿಡಿದು ಮೂರು ಸೆಕೆಂಡಿಗೊಮ್ಮೆ ಗಕ್ಕನೆ ಉಸಿರು ಬಿಟ್ಟು ಎಳ್ಕೋಬೇಕು, ಅದ್ರ ಮಧ್ಯೆ ಎದುರಾಳಿ ಎಲ್ಲಿ ಅಂತ ಹೆಲ್ಮೆಟ್ ಹೊತ್ತ ಕತ್ತು ಬೇರೆ ತಿರುಗಿಸ್ಬೇಕು. ಬೆಂಗಳೂರಲ್ಲೇ ಏರ್‌ಫೋರ್ಸಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ, ಅಲ್ಲಿ ಸೆಂಟ್ರಿಫ್ಯೂಜ್ ಅನ್ನೋ ಉದ್ದ ತೋಳಿನ ತಿರುಗೋ ಯಂತ್ರದಲ್ಲಿ ಕೂರ್ಸಿ ಗರಗರ ತಿರುಗಿಸಿ ಇದನ್ನೇ ಅಭ್ಯಾಸ ಮಾಡಿಸ್ತಾರೆ. ಜಾತ್ರೆ ಜಾಯಿಂಟ್ ವೀಲಿಗೇ ಕಣ್ಣು ಮುಚ್ಚೋ ನಾನಂತೂ ಆ ಕಡೆ ತಲೆ ಹಾಕಲ್ಲ!