ಅಣ್ಣ ತಮ್ಮ ಸ್ಟೇಜ್ ಹತ್ತೋದು ಆಮೇಲೆ, ಮೊದ್ಲು ಅಮ್ಮನ ಅಡುಗೆಮನೆ ನೋಡಿ

ಈ ವಾರಕ್ಕೆ ಬೇರೆ ಪತ್ರ ತೆಗೆದಿಟ್ಟಿದ್ದೆ, ಆದ್ರೆ ಮೈಸೂರಿಂದ ಬಂದ ಇದನ್ನ ಓದಿದ ಮೇಲೆ ಮನಸ್ಸು ಬೇರೆ ಕಡೆ ಹೋಗ್ಲೇ ಇಲ್ಲ. ಬರೆದೋರು ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ವಿಷಯ ಇಷ್ಟು. ಇವರಿಗೊಬ್ಬ ಅಣ್ಣ, ಒಬ್ಬ ತಮ್ಮ. ಕಾಲೇಜಲ್ಲಿ ಇಬ್ಬರೂ ಸೇರಿ ಬ್ಯಾಂಡ್ ಕಟ್ಟಿದ್ರು, ಅಣ್ಣಂದು ಗಿಟಾರು, ತಮ್ಮ ಹಾಡೋದು, ಓಯಾಸಿಸ್ ಅಂದ್ರೆ ಇಬ್ಬರಿಗೂ ಪ್ರಾಣ, ಅದೇ ನೋಯಲ್ ಗ್ಯಾಲಗರ್, ಅವರ ತಮ್ಮ ಲಿಯಮ್ ಇಬ್ಬರೂ ಇದ್ದ ಇಂಗ್ಲೆಂಡಿನ ರಾಕ್ ಬ್ಯಾಂಡು. ಒಂದು ಹೋಟೆಲ್ ಪ್ರೋಗ್ರಾಮಿಗೆ ತಮ್ಮ ಬರ್ಲೇ ಇಲ್ಲ, ಅಣ್ಣ ಒಬ್ಬನೇ ಹಾಡಿ ಮುಗಿಸಿದ, ಅವತ್ತಿಂದ ಇಬ್ಬರಿಗೂ ಮಾತಿಲ್ಲ. 2009ರಲ್ಲಿ ಒಡೆದಿದ್ದ ಓಯಾಸಿಸ್ ಈಗ ಮತ್ತೆ ಒಂದಾಯ್ತಲ್ಲ, ನೀವೂ ಒಂದಾಗಿ ನುಡಿಸಿ ಅಂತ ಹಳೇ ವಿದ್ಯಾರ್ಥಿಗಳ ಸಂಘದೋರು ಗಂಟುಬಿದ್ದಿದಾರೆ. ತಮ್ಮ ಹೇಳೋದು, ಅಣ್ಣ ಒಂದು ಫೋನ್ ಮಾಡ್ಲಿ ಸಾಕು. ಅಣ್ಣ ಹೇಳೋದು, ಅವರು ಒಂದಾಗಿದ್ದು ದುಡ್ಡಿಗೆ, ನಂಗೆ ಆ ನಾಟಕ ಬೇಡ. ಇವರು ನನ್ನ ಕೇಳ್ತಿರೋದು, ಓಯಾಸಿಸ್ ಒಂದಾಗಿದ್ದು ಸರಿನಾ ತಪ್ಪಾ ಹೇಳಿ, ಅಣ್ಣ ನಿಮ್ಮ ಅಂಕಣ ಓದ್ತಾನೆ ಅಂತ.

ಸರಿ. ನೂರಕ್ಕೆ ನೂರು ಸರಿ. ದುಡ್ಡಿಗೇ ಅಂತ ಇಟ್ಕೊಂಡ್ರೂ ಸರಿ. ಹಾಡೋದು ಅವರ ಕಸುಬು, ಕಸುಬಿಗೆ ದುಡ್ಡು ತಗೊಂಡ್ರೆ ಅದು ನಾಟಕ ಹೇಗಾಗುತ್ತೆ? ದುಡ್ಡಿನ ಮಾತು ಬಾಯಿಬಿಟ್ಟು ಆಡಿಕೊಂಡೋರ ಸಂಬಂಧಾನೇ ಗಟ್ಟಿ ಇರೋದು ಅಂತ ನಾನು ಈ ಅಂಕಣದಲ್ಲಿ ಯಾವತ್ತಿಂದಾನೋ ಹೇಳ್ತಾ ಬಂದಿದೀನಿ. ನಂಗೆ ಸಿಟ್ಟು ಇರೋದು ಆ ಟಿಕೆಟ್ ಮಾರಿದ ರೀತಿ ಮೇಲೆ, 2024ರ ಆಗಸ್ಟ್ 31ನೇ ತಾರೀಕು ಜನ ಗಂಟೆಗಟ್ಟಲೆ ಆನ್‌ಲೈನ್ ಕ್ಯೂನಲ್ಲಿ ಕಾದು ಒಳಗೆ ಹೋಗೋಷ್ಟರಲ್ಲಿ 150 ಪೌಂಡ್ ಆಸುಪಾಸಲ್ಲಿದ್ದ ಟಿಕೆಟ್ಟು 350 ದಾಟಿತ್ತು, ಅಭಿಮಾನಿಗಳ ಜೇಬಿಗೆ ಕೈ ಹಾಕೋದು ಅಂದ್ರೆ ಅದೇ. ಅದಿರ್ಲಿ.

ಅವರು ಒಂದಾದ ರೀತಿ ನೋಡಿ. 2025ರ ಜುಲೈ 4, ವೇಲ್ಸ್‌ನ ಕಾರ್ಡಿಫ್, ಪ್ರಿನ್ಸಿಪಾಲಿಟಿ ಸ್ಟೇಡಿಯಂ, ನೋಯಲ್ಲೂ ಲಿಯಮ್ಮೂ ಕೈ ಕೈ ಹಿಡಿದು ಮೇಲೆತ್ತಿಕೊಂಡು ಸ್ಟೇಜಿಗೆ ಬಂದ್ರು. ಹೊಸ ಆಲ್ಬಂ ಇಲ್ಲ, ಹಳೇ ಹಾಡುಗಳು, ದಿನಾ ಹೆಚ್ಚುಕಮ್ಮಿ ಅದೇ ಪಟ್ಟಿ, ಒಟ್ಟು 41 ಶೋ, ನವೆಂಬರ್ 23ಕ್ಕೆ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಮುಗಿಸಿ ಮನೆಗೆ ಹೋದ್ರು. ಎಲ್ಲಿಂದ ಎಲ್ಲೀವರೆಗೆ ಅಂತ ಗೆರೆ ಎಳೆದುಕೊಂಡು ಮಾಡಿದ ಕೆಲಸ ಅದು, ಮುಖ್ಯವಾಗಿ ತಮ್ಮ ಲಿಯಮ್ ಹೊತ್ತಿಗೆ ಸರಿಯಾಗಿ ಬಂದು ಹಾಡಿದ.

ಈ ಹೊತ್ತಿಗೆ ಬರೋ ವಿಷಯದಲ್ಲಿ ನಾನು ನಿಮ್ಮ ಅಣ್ಣನ ಕಡೆ, ತಮ್ಮನಿಗೆ ಬೇಜಾರಾದ್ರೂ ಪರವಾಗಿಲ್ಲ. 1996ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಲ್ಲಿ ಎಂಟಿವಿ ಅನ್‌ಪ್ಲಗ್ಡ್ ಅನ್ನೋ ಟಿವಿ ಸಂಗೀತ ಕಾರ್ಯಕ್ರಮದ ರೆಕಾರ್ಡಿಂಗು, ಲಿಯಮ್ ಗಂಟಲು ನೋವು ಅಂತ ಹಾಡ್ಲಿಲ್ಲ, ಹಾಡದೇ ಇದ್ರೆ ಮನೇಲಾದ್ರೂ ಮಲಗಬೇಕು ತಾನೇ, ಬಾಲ್ಕನೀಲಿ ಕೂತು ಸಿಗರೇಟು ಬಿಯರು ಹಿಡಿದು ಸ್ಟೇಜ್ ಮೇಲಿದ್ದ ಅಣ್ಣನ್ನೇ ರೇಗಿಸ್ತಿದ್ರು. ಕೆಳಗೆ ನೋಯಲ್ ಇಡೀ ಕಾರ್ಯಕ್ರಮ ಒಬ್ರೇ ಹಾಡಿದ್ರು. ಅದಾಗಿ ಕೆಲವೇ ದಿನಕ್ಕೆ ಅಮೆರಿಕಾ ಟೂರು, ಲಿಯಮ್ ವಿಮಾನ ಹತ್ತಲಿಲ್ಲ, ಮನೆ ಹುಡುಕಬೇಕು ಅಂದ್ರು. ಜನಕ್ಕೆ ಇವೆಲ್ಲಾ ಮಜಾ ಅನ್ಸುತ್ತೆ, ಆದ್ರೆ ಮೈಕ್ ಮುಂದೆ ಒಬ್ಬನೇ ನಿಂತು ಬಂದೋರಿಗೆ ಸಮಾಧಾನ ಹೇಳೋನ ಕಷ್ಟ ಅವನಿಗೇ ಗೊತ್ತು. 2009ರ ಆಗಸ್ಟ್ 28ಕ್ಕೆ ಪ್ಯಾರಿಸ್‌ನಲ್ಲಿ ಸ್ಟೇಜ್ ಹಿಂದೆ ಗಿಟಾರ್ ಮುರಿಯೋ ಮಟ್ಟಕ್ಕೆ ಜಗಳ ಆಗಿ ನೋಯಲ್ ಬಿಟ್ಟು ಹೊರಟಿದ್ದು ಆ ಒಂದು ದಿನದ ಸಿಟ್ಟಿಗಲ್ಲ. ನಿಮ್ಮ ಅಣ್ಣಂದೂ ಅಷ್ಟೇ, ಆ ಹೋಟೆಲ್ ಪ್ರೋಗ್ರಾಮು ಕೊನೇದು, ಮೊದಲನೇದಲ್ಲ ಅಂತ ನಿಮ್ಮ ಪತ್ರದಲ್ಲೇ ಇದೆ.

ಇನ್ನೊಂದು ಹೇಳ್ತೀನಿ, ಕೋಪ ಮಾಡ್ಕೋಬೇಡಿ, ಈ ಜಗಳದಲ್ಲಿ ನಂಗೆ ಅತೀ ಸಿಟ್ಟು ಬಂದಿದ್ದು ಅಣ್ಣನ ಮೇಲೂ ಅಲ್ಲ ತಮ್ಮನ ಮೇಲೂ ಅಲ್ಲ, ನಿಮ್ಮ ಯಜಮಾನ್ರ ಮೇಲೆ. ತಮ್ಮನ ವಾಟ್ಸಾಪ್ ಸ್ಟೇಟಸ್ ಸ್ಕ್ರೀನ್‌ಶಾಟ್ ತೆಗೆದು ಅಣ್ಣನಿಗೆ ಕಳಿಸ್ತಾರೆ, ಸುಮ್ನೆ ತಮಾಷೆಗೆ ಅಂತ ನೀವು ಬರೆದಿದೀರಿ. ತಮಾಷೆ ಅಲ್ಲ ಅದು. ಗ್ಯಾಲಗರ್ ಅಣ್ಣತಮ್ಮಂದಿರು 1994ರಲ್ಲಿ ಗ್ಲಾಸ್ಗೋದ ಒಂದು ಹೋಟೆಲಲ್ಲಿ ಪತ್ರಕರ್ತನ ಎದುರಿಗೇ ಕಿತ್ತಾಡಿದ್ರು, ಹಡಗಲ್ಲಿ ಗಲಾಟೆ ಮಾಡಿ ಹಾಲೆಂಡಿಂದ ವಾಪಸ್ ಕಳಿಸಿಕೊಂಡಿದ್ದನ್ನ ಲಿಯಮ್ ದೊಡ್ಡಸ್ತಿಕೆ ಅಂತಿದ್ರೆ ನೋಯಲ್ ಸಂಗೀತಕ್ಕೆ ಬಂದಿದೀವೋ ಗಲಾಟೆಗೋ ಅಂತಿದ್ರು, ಆ ಟೇಪು ಮಾರನೇ ವರ್ಷ ಸಿಂಗಲ್ ರೆಕಾರ್ಡ್ ಆಗಿ ಅಂಗಡಿಗೆ ಬಂತು, ಜನ ಕೊಂಡ್ಕೊಂಡು ಕೇಳಿದ್ರು. ಅಣ್ಣತಮ್ಮಂದಿರ ಬೈಗುಳ ಸರಕಾದ ಮೇಲೆ ಅದನ್ನ ನಿಲ್ಲಿಸೋಕೆ ಯಾರಿಗೆ ಆಸಕ್ತಿ ಇರುತ್ತೆ? ನಿಮ್ಮನೇಲಿ ಆ ವ್ಯಾಪಾರ ನಿಮ್ಮ ಯಜಮಾನ್ರು ಮಾಡ್ತಿದಾರೆ, ಬಿಟ್ಟಿಯಾಗಿ.

ಈಗ ನಿಮ್ಮ ಪತ್ರದ ಕೊನೇ ಪುಟಕ್ಕೆ ಬರ್ತೀನಿ. ಅಲ್ಲಿ ಹೋಗ್ತಾ ಹೋಗ್ತಾ ಒಂದು ಸಾಲು ಬರೆದಿದೀರಿ, ಯುಗಾದಿಗೆ ಬೆಳಿಗ್ಗೆ ಅಣ್ಣನ ಸಂಸಾರ ಬರುತ್ತೆ, ಸಂಜೆ ತಮ್ಮನ ಸಂಸಾರ, ಅಮ್ಮ ಹೂರಣ ಒಂದೇ ಸಲ ರುಬ್ಬಿಡ್ತಾರೆ ಆದ್ರೆ ಹೋಳಿಗೆ ತಟ್ಟೋದು ಎರಡು ಸಲ, ತಣ್ಣಗಿರೋದು ಬಡಿಸಿದ್ರೆ ಭೇದ ಮಾಡಿದ ಹಾಗಾಗುತ್ತೆ ಅಂತ. ಮಂಡಿ ನೋವಿಗೆ ಸ್ಟೂಲ್ ಹಾಕ್ಕೊಂಡು ಒಲೆ ಮುಂದೆ ಕೂರ್ತಾರಂತೆ. ಆಮೇಲೆ ತಕ್ಷಣ ನೀವು ಮತ್ತೆ ಓಯಾಸಿಸ್‌ಗೆ ಹೋಗಿಬಿಟ್ರಿ! ನಾನು ಅಲ್ಲೇ ನಿಂತೆ. ಎಪ್ಪತ್ತು ದಾಟಿದ ಹೆಂಗಸು ಇಬ್ಬರು ಗಂಡುಮಕ್ಕಳ ಹಟಕ್ಕೆ ಹಬ್ಬದ ದಿನ ಬೆಳಿಗ್ಗೆಯಿಂದ ರಾತ್ರಿ ತನಕ ಬೇಯ್ತಾ ಕೂತಿದಾರೆ, ಆ ಇಬ್ಬರೂ ಕೈ ತೊಳ್ಕೊಂಡು ಹೋಗ್ತಿದಾರೆ, ನೀವು ಯಾರು ಎಷ್ಟು ಗಂಟೆಗೆ ಅಂತ ಟೈಮ್‌ಟೇಬಲ್ ಹಾಕಿ ಕೊಡ್ತಿದೀರಿ. ಅಲ್ಲಿ ಮ್ಯಾಂಚೆಸ್ಟರಿನ ಬರ್ನೇಜಲ್ಲಿ ನೋಯಲ್, ಲಿಯಮ್ ಅವರ ತಾಯಿ ಪೆಗ್ಗಿ, ಹೊಡೆಯೋ ಗಂಡನ್ನ ಬಿಟ್ಟು ಮೂರು ಗಂಡುಮಕ್ಕಳನ್ನ ಕರ್ಕೊಂಡು ಹೊರಗೆ ಬಂದು ಸಾಕಿದ ಹೆಂಗಸು, ಚಿಕ್ಕೋರಿಬ್ಬರನ್ನ ಒಂದೇ ರೂಮಲ್ಲಿ ಮಲಗಿಸಿ ಬೆಳೆಸಿದ್ರು, ಆ ಇಬ್ಬರು ಹೆಚ್ಚುಕಮ್ಮಿ 16 ವರ್ಷ ಒಟ್ಟಿಗೆ ಒಂದು ಸ್ಟೇಜ್ ಹತ್ತಲಿಲ್ಲ. ಅಮ್ಮಂದಿರ ಪಾಡು ಎಲ್ಲಾ ಕಡೆ ಇದೇನಾ ಅನ್ಸುತ್ತೆ.

ಸ್ಟೇಜ್ ಮೇಲೆ ಒಂದಾದ್ರೆ ಮನೇನೂ ಸರಿಹೋಗುತ್ತೆ ಅಂತ ನಿಮಗೊಂದು ಆಸೆ ಇದೆ, ಪತ್ರದುದ್ದಕ್ಕೂ ಕಾಣುತ್ತೆ. ಹಾಗಾಗಲ್ಲ. ಅಮೆರಿಕಾದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಅನ್ನೋ ಬ್ಯಾಂಡ್ ಕೇಳಿರ್ತೀರಿ, ಅದರಲ್ಲೂ ಅಣ್ಣತಮ್ಮ, ಟಾಮ್ ಫೋಗರ್ಟಿ ದೊಡ್ಡೋರು, ಜಾನ್ ಚಿಕ್ಕೋರು, ಹಾಡು ಬರೆಯೋದು ಹಾಡೋದು ಎಲ್ಲಾ ಜಾನ್. 1971ರಲ್ಲಿ ಟಾಮ್ ಬಿಟ್ಟು ಹೋದ್ರು. 1980ರಲ್ಲಿ ಟಾಮ್ ಮದ್ವೆ ಆದಾಗ ಹಳೇ ನಾಲ್ಕೂ ಜನ ಸೇರಿ ನುಡಿಸಿದ್ರು, ಮದ್ವೆ ಮನೇಲಿ ನೋಡ್ದೋರು ಸರಿಹೋಯ್ತು ಅಂದ್ಕೊಂಡಿರ್ತಾರೆ. 1990ರಲ್ಲಿ ಟಾಮ್ ತೀರಿಕೊಂಡ್ರು, ಆಗ್ಲೂ ಅಣ್ಣತಮ್ಮಂದಿರ ನಡುವೆ ಸರಿಹೋಗಿರ್ಲಿಲ್ಲ. ಒಂದು ಸಂಜೆ ಗಿಟಾರ್ ಕೂಡಿಸಿದ್ರೆ ಕಾರ್ಯಕ್ರಮ ಮುಗಿಯುತ್ತೆ ಅಷ್ಟೇ. ಅದಕ್ಕೇ ನಿಮ್ಮ ಅಣ್ಣ ತಮ್ಮ ಕಾಲೇಜಿನ ಸ್ಟೇಜ್ ಹತ್ತಬೇಕಾ ಬೇಡ್ವಾ ಅನ್ನೋದಕ್ಕೆ ನಾನು ತಲೆ ಕೆಡಿಸಿಕೊಳ್ಳಲ್ಲ, ನೀವೂ ಬೇಡ.

ನೀವು ಮಾಡಬೇಕಾದ್ದು ಒಂದೇ. ಮುಂದಿನ ಹಬ್ಬ ಯಾವುದೇ ಬರ್ಲಿ, ಅಮ್ಮನ ಮನೇಲಿ ಊಟ ಮಧ್ಯಾಹ್ನ ಒಂದು ಗಂಟೆಗೆ, ಒಂದೇ ಸಲ. ಇಬ್ಬರಿಗೂ ಅದೇ ಮೆಸೇಜು ಕಳಿಸಿ, ಒಂದಕ್ಷರ ಬೇರೆ ಇರ್ಬಾರ್ದು, ಇನ್ನೊಬ್ಬ ಬರ್ತಾನೆ ಅಂತಾನೂ ಬೇಡ, ಬರಲ್ಲ ಅಂತಾನೂ ಬೇಡ. ಅಮ್ಮ ಒಪ್ಪಲ್ಲ, ಸಂಜೆ ಬಂದೋನು ಹಸ್ಕೊಂಡು ಹೋಗ್ಬೇಕಾ ಅಂತಾರೆ, ಆಗ ನೀವು ಗಟ್ಟಿಯಾಗಿರಿ, ಸಂಜೆ ಬಂದ್ರೆ ಕಾಫಿ ಸಿಗುತ್ತೆ ಅನ್ನಿ. ಮೊದಲನೇ ಸಲ ಇಬ್ಬರಲ್ಲಿ ಒಬ್ಬ ಬರದೇ ಇರ್ಬಹುದು, ಪರವಾಗಿಲ್ಲ, ಅವನಿಗೆ ಡಬ್ಬಿ ಕಟ್ಟಿ ಕಳಿಸಬೇಡಿ, ಅದರ ಮುಂದಿನ ಹಬ್ಬಕ್ಕೂ ಅದೇ ಒಂದು ಗಂಟೆ. ಸಂಘದೋರು ಫೋನ್ ಮಾಡಿದ್ರೆ ಇಬ್ಬರ ನಂಬರೂ ಕೊಟ್ಟು ನೀವೇ ಕೇಳ್ಕೊಳ್ಳಿ ಅಂದ್ಬಿಡಿ.