ಓದುಗರ ಪ್ರಶ್ನೆ: ಈಜು ಬಲ್ಲವರಿಗೂ ಲೈಫ್ ಜಾಕೆಟ್ ಬೇಕೇ?

ಪ್ರಶ್ನೆ: ಟೊರಾಂಟೊದಲ್ಲಿ ನೆಲೆಸಿರುವ ನಾವು ಎರಡು ಕುಟುಂಬದವರು ಮಕ್ಕಳೊಂದಿಗೆ ಮೇ ತಿಂಗಳ ವಿಕ್ಟೋರಿಯಾ ದಿನದ ರಜೆಯಲ್ಲಿ ಆಲ್ಗಾನ್‌ಕ್ವಿನ್ ಎಂಬ ಕಾಡಿನ ಪಾರ್ಕಿನ ಒಪಿಯಾಂಗೊ ಸರೋವರದಲ್ಲಿ ಮೊದಲ ಬಾರಿಗೆ ಮೂರು ದಿನ ಕನೂ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಪ್ರವಾಸ ಮಾಡಬೇಕೆಂದಿದ್ದೇವೆ. ನಾನು ತುಂಗಭದ್ರೆಯ ದಡದಲ್ಲಿ ಬೆಳೆದವನು. ಈಜು ಚೆನ್ನಾಗಿ ಬರುತ್ತದೆ, ಹರಿಗೋಲು ನಡೆಸಿಯೂ ಗೊತ್ತು. ಲೈಫ್ ಜಾಕೆಟ್ಟನ್ನು ದಿನವಿಡೀ ತೊಟ್ಟಿರಬೇಕೇ, ದೋಣಿಯಲ್ಲಿಟ್ಟುಕೊಂಡರೆ ಸಾಲದೇ?

ಉತ್ತರ: ಖಂಡಿತ ಸಾಲದು. ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಅವರವರ ಅಳತೆಯ ಜಾಕೆಟ್ ಇರಬೇಕೆಂಬುದು ಕೆನಡಾದ ನಿಯಮ. ಅದನ್ನು ದಡ ಬಿಡುವ ಮೊದಲೇ ತೊಟ್ಟು, ಮತ್ತೆ ದಡ ಮುಟ್ಟುವವರೆಗೆ ತೆಗೆಯಬಾರದೆಂಬುದು ನನ್ನ ಒತ್ತಾಯ. ತುಂಗಭದ್ರೆಯ ನೀರಿನಲ್ಲಿ ಕಲಿತ ಈಜು ಮೇ ತಿಂಗಳ ಒಪಿಯಾಂಗೊದಲ್ಲಿ ನಿಮ್ಮ ಕೈಹಿಡಿಯುತ್ತದೆಂದು ನಂಬಬೇಡಿ. ಅಲ್ಲಿನ ಸರೋವರಗಳ ಮಂಜುಗಡ್ಡೆ ಕರಗುವುದೇ ಸಾಮಾನ್ಯವಾಗಿ ಏಪ್ರಿಲ್ ಕೊನೆಯಲ್ಲಿ ಇಲ್ಲವೇ ಮೇ ಮೊದಲ ವಾರಗಳಲ್ಲಿ. ದಡದಲ್ಲಿ ಅಂಗಿ ಬಿಚ್ಚಿ ಕೂರುವಷ್ಟು ಬಿಸಿಲಿದ್ದರೂ ನೀರು ಮಾತ್ರ ಕೊರೆಯುತ್ತಿರುತ್ತದೆ.

ತಣ್ಣೀರಿನಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕ ಗಾರ್ಡನ್ ಗೀಸ್‌ಬ್ರೆಕ್ಟ್ 1-10-1 ಎಂಬ ಲೆಕ್ಕದಲ್ಲಿ ವಿವರಿಸಿದ್ದಾರೆ. ಬಿದ್ದ ಮೊದಲ 1 ನಿಮಿಷ ಉಸಿರು ನಮ್ಮ ಹಿಡಿತದಲ್ಲಿರುವುದಿಲ್ಲ; ತಾನಾಗಿಯೇ ಬಾಯಿ ತೆರೆದು ಏದುಸಿರು ಬರುತ್ತದೆ, ಆ ಕ್ಷಣ ತಲೆ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರೇ. ಅನಂತರದ ಸುಮಾರು 10 ನಿಮಿಷ ಕೈಕಾಲುಗಳು ನಾವು ಹೇಳಿದಂತೆ ಕೇಳುತ್ತವೆ, ಆಮೇಲೆ ಮರಗಟ್ಟುತ್ತವೆ. ದೇಹದ ಒಳಗಿನ ಶಾಖ ಇಳಿದು ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ ಹಿಡಿಯುತ್ತದೆ. ಅಂದರೆ ಜಾಕೆಟ್ ಇಲ್ಲದವರು ಶೀತದಿಂದ ಸಾಯುವ ಎಷ್ಟೋ ಮೊದಲೇ, ಎಷ್ಟೇ ಈಜು ಬಲ್ಲವರಾದರೂ, ಮುಳುಗಿಬಿಡಬಹುದು. ಒಮ್ಮೆ ಮೇ ತಿಂಗಳಲ್ಲಿ ನಾನು ದಡದ ಪಕ್ಕದಲ್ಲೇ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕೈಗಳನ್ನೂ ಕೆಲವು ನಿಮಿಷ ಮುಳುಗಿಸಿಟ್ಟು, ಜಾಕೆಟ್ಟಿನ ಬಕಲ್ ಹಾಕಲು ನೋಡಿದೆ. ಹೆಬ್ಬೆರಳು ತೋರುಬೆರಳನ್ನು ಮುಟ್ಟಲೊಲ್ಲದು. ಬಕಲ್ಲಿನ ಎರಡು ತುದಿಗಳು ಕಣ್ಣೆದುರಿಗಿದ್ದರೂ ಒಂದಕ್ಕೊಂದು ಕೂಡಲಿಲ್ಲ. ದೋಣಿ ಮಗುಚಿದ ಮೇಲೆ ತೇಲಿಹೋಗುತ್ತಿರುವ ಜಾಕೆಟ್ಟನ್ನು ಹಿಡಿದು ತೊಟ್ಟುಕೊಳ್ಳುತ್ತೇನೆ ಎನ್ನುವವರು ಇದನ್ನೊಮ್ಮೆ ದಡದಲ್ಲೇ ಮಾಡಿ ನೋಡಬೇಕು.

ಇನ್ನು ಹರಿಗೋಲಿನ ಅನುಭವದ ಮಾತು. ಹರಿಗೋಲು ಅಗಲವಾದ ಬುಟ್ಟಿ. ಸುತ್ತುತ್ತದೆ, ಆದರೆ ಸುಲಭವಾಗಿ ಮಗುಚುವುದಿಲ್ಲ. ಕನೂ ಉದ್ದ ಮತ್ತು ಕಿರಿದು, ಆದ್ದರಿಂದ ಅದರಲ್ಲಿ ಎದ್ದು ನಿಲ್ಲುವುದು, ಇಬ್ಬರೂ ಒಂದೇ ಅಂಚಿಗೆ ಬಾಗುವುದು, ಬಿದ್ದ ಟೋಪಿಗೆ ತಟ್ಟನೆ ಕೈಚಾಚುವುದು ಇವೆಲ್ಲ ಅಪಾಯ. ಅಲೆ ಎದ್ದರೆ ಆಸನದಿಂದಿಳಿದು ಮೊಣಕಾಲೂರಿ ಕುಳಿತುಕೊಳ್ಳಿ, ಭಾರ ಕೆಳಗಿಳಿದಷ್ಟೂ ದೋಣಿ ಸ್ಥಿರವಾಗುತ್ತದೆ. ಮಗುಚಿದರೆ ಮೊದಲ ನಿಮಿಷ ಉಸಿರನ್ನು ಹತೋಟಿಗೆ ತನ್ನಿ, ದೋಣಿಯನ್ನು ಬಿಡಬೇಡಿ, ಸಾಧ್ಯವಾದಷ್ಟು ಮೈಯನ್ನು ಅದರ ಮೇಲೆಳೆದುಕೊಳ್ಳಿ. ದಡ ಕಾಣುವುದಕ್ಕಿಂತ ದೂರವಿರುತ್ತದೆ. ಒಪಿಯಾಂಗೊ ಆ ಪಾರ್ಕಿನ ಅತಿ ದೊಡ್ಡ ಸರೋವರ, ಮಧ್ಯಾಹ್ನದ ಗಾಳಿಗೆ ಅಲ್ಲಿ ಏಳುವ ಅಲೆಗಳು ಹೊಸಬರ ಕೈಗೆ ಮೀರಿದ್ದು; ಬೆಳಗಿನ ಜಾವವೇ ಹೊರಟು, ದಡದ ಪಕ್ಕದಲ್ಲೇ ಸಾಗಿ. ಗಾಳಿ ಬಿಡದಿದ್ದರೆ ಬಿಡಾರದಲ್ಲೇ ಇನ್ನೊಂದು ದಿನ ಕಳೆಯಲು ಬೇಕಾದ ಊಟ, ರಜೆ ಎರಡನ್ನೂ ಮೊದಲೇ ಇಟ್ಟುಕೊಳ್ಳಿ. ರಜೆ ಮುಗಿದ ಮರುದಿನವೇ ಕೆಲಸಕ್ಕೆ ಹೋಗಲೇಬೇಕೆಂಬ ಅವಸರವೇ ಎಷ್ಟೋ ಮಂದಿಯನ್ನು ಕೆಟ್ಟ ಗಾಳಿಯಲ್ಲಿ ನೀರಿಗಿಳಿಸುತ್ತದೆ. ನನ್ನನ್ನು ಕೇಳಿದರೆ, ಮಕ್ಕಳಿರುವ ಈ ಮೊದಲ ಪ್ರವಾಸವನ್ನು ಆಗಸ್ಟಿಗೆ ಮುಂದೂಡಿ, ಒಪಿಯಾಂಗೊದ ಬದಲು ಚಿಕ್ಕ ಸರೋವರವೊಂದನ್ನು ಆರಿಸಿಕೊಳ್ಳುವುದೇ ಒಳ್ಳೆಯದು. ಮೇ ನಡುವಿನಿಂದ ಜೂನ್‌ವರೆಗೆ ಕಾಡುವ ಕಪ್ಪು ನೊಣಗಳ ಕಾಟವೂ ಆಗ ಇರುವುದಿಲ್ಲ.

ಪ್ರಶ್ನೆ: ಕರಡಿಯ ಭಯವಿದೆ. ಅಡುಗೆ ಪದಾರ್ಥಗಳನ್ನು ಟೆಂಟಿನೊಳಗೆ ಇಟ್ಟುಕೊಳ್ಳಬಹುದೇ? ಸರೋವರದ ನೀರನ್ನು ಹಾಗೆಯೇ ಕುಡಿಯಬಹುದೇ?

ಉತ್ತರ: ಟೆಂಟಿನೊಳಗೆ ಚಾಕೊಲೇಟಿನ ತುಂಡೂ, ಟೂತ್‌ಪೇಸ್ಟೂ ಇರಬಾರದು. ವಾಸನೆ ಬರುವ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ, ಟೆಂಟಿನಿಂದ ದೂರ, ನೆಲದಿಂದ ಕನಿಷ್ಠ 4 ಮೀಟರ್ ಎತ್ತರದಲ್ಲಿ, ಮರದ ಕಾಂಡದಿಂದ 2 ಮೀಟರ್ ಆಚೆಗೆ ತೂಗುಹಾಕಿ. ಇದನ್ನು ಕತ್ತಲಾಗುವ ಮೊದಲೇ ಮಾಡಿ. ಸಾರಿನ ಪುಡಿ, ಉಪ್ಪಿನಕಾಯಿಗಳನ್ನು ತಗಡಿನ ಡಬ್ಬ ಮತ್ತು ಗಾಜಿನ ಬಾಟಲಿಯಲ್ಲಿ ಒಯ್ಯಬೇಡಿ, ಪಾರ್ಕಿನ ಒಳಭಾಗದಲ್ಲಿ ಅಂಥ ಡಬ್ಬ, ಬಾಟಲಿಗಳಿಗೆ ನಿಷೇಧವಿದೆ. ನೀರು ಎಷ್ಟೇ ತಿಳಿಯಾಗಿ ಕಂಡರೂ ಒಂದು ನಿಮಿಷ ಕುದಿಸಿಯೇ ಕುಡಿಯಿರಿ. ಅದರಲ್ಲಿರಬಹುದಾದ ಜಿಯಾರ್ಡಿಯಾ ಎಂಬ ಪರೋಪಜೀವಿ ವಾರಗಟ್ಟಲೆ ಭೇದಿ ತರಬಲ್ಲದು.

ಪ್ರಶ್ನೆ: ತುರ್ತು ಸಂದರ್ಭಕ್ಕೆ ಮೊಬೈಲ್ ಸಾಕಾಗುತ್ತದೆಯೇ?

ಉತ್ತರ: ಹೆದ್ದಾರಿಯಿಂದ ಒಳಗೆ ಹೋದಂತೆ ಸಿಗ್ನಲ್ಲನ್ನು ನೆಚ್ಚುವಂತಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಬಾಡಿಗೆಗೆ ತೆಗೆದುಕೊಂಡು, ಚೀಲದಲ್ಲಿಡದೆ, ಜಾಕೆಟ್ಟಿನ ಜೇಬಿನಲ್ಲೇ ಇಟ್ಟುಕೊಳ್ಳಿ. ಜಾಕೆಟ್ಟಿಗೊಂದು ಸೀಟಿಯನ್ನೂ ಕಟ್ಟಿ. ಯಾವ ದಾರಿ, ಯಾವ ಬಿಡಾರ, ಎಂದು ಹಿಂತಿರುಗುತ್ತೀರಿ, ಎಷ್ಟು ಹೊತ್ತಿನವರೆಗೆ ಸುದ್ದಿಯಿಲ್ಲದಿದ್ದರೆ ಪೊಲೀಸರಿಗೆ ತಿಳಿಸಬೇಕು ಎಂಬುದನ್ನು ಬರೆದು ಊರಿನಲ್ಲಿರುವ ಒಬ್ಬ ಸ್ನೇಹಿತರ ಕೈಗೆ ಕೊಟ್ಟು ಹೊರಡಿ.