ಕಟ್ಟೆಯ ವಾದ ನಿಲ್ಲಿಸಬೇಡಿ, ತಕ್ಕಡಿ ತರಿಸಿ

ರೋಣ ತಾಲ್ಲೂಕಿನ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇಷ್ಟು. ಊರ ಗುಡಿಯ ಕಟ್ಟೆಯ ಮೇಲೆ ದಿನಾ ಸಂಜೆ ವಾದ ನಡೆಯುತ್ತದೆ. ಒಬ್ಬರು, “ಜ್ವಾಳದ ರೊಟ್ಟಿ ತಿಂದು ನಮ್ಮ ಅಜ್ಜಗೋಳು ನೂರು ದಾಟತಿದ್ರು, ಈಗಿನವ್ರು ಅನ್ನ ತಿಂದು ಅರವತ್ತಕ್ಕ ಹೊಂಟ್ರು” ಎನ್ನುತ್ತಾರೆ. ಡಿಪ್ಲೊಮಾ ಓದುವ ಹುಡುಗ, “ಇನ್ನ ಮುಂದ ಗುಳಿಗಿ ನುಂಗಿ ಮಂಗಳ ಗ್ರಹಕ್ಕ ಹೋಗತಾರ, ನೂರೈವತ್ತು ವರ್ಷ ಬಾಳತಾರ” ಎನ್ನುತ್ತಾನೆ. ಮೂರನೆಯವರ ಪ್ರಕಾರ ರಾಕೆಟ್ಟಿಗೆ ಹಾಕಿದ ದುಡ್ಡೆಲ್ಲ ದಂಡ. ಕೇಳಿ ಕೇಳಿ ಬೇಸತ್ತ ಶಿಕ್ಷಕರು, “ಇದೆಲ್ಲಾ ತಜ್ಞರ ಕೆಲಸ, ನಿಮಗ್ಯಾಕ ಬೇಕು, ಸುಮ್ನ ಕೂಡ್ರಿ” ಎಂದು ಗದರಿಸಿದರಂತೆ. ತಾವು ಹೇಳಿದ್ದು ಸರಿಯಲ್ಲವೇ ಎಂದು ನಮ್ಮನ್ನು ಕೇಳಿದ್ದಾರೆ.

ಸರಿಯಲ್ಲ, ಗುರುಗಳೇ. ತಜ್ಞರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಟ್ಟೆಯ ಮಾತು ಕೇಳಿ ಬಿ.ಪಿ. ಗುಳಿಗೆ ಬಿಡುವವರನ್ನು ತಡೆಯಲೇಬೇಕು. ಆದರೆ ಆ ಮೂವರು ಎತ್ತಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಏಳನೇ ಇಯತ್ತೆಯ ಗಣಿತಕ್ಕೆ ಬಗೆಹರಿಯುವಂಥವು. ಬಾಯಿ ಮುಚ್ಚಿಸುವ ಬದಲು ಪೆನ್ನು, ಹಾಳೆ, ಕಿರಾಣಿ ಅಂಗಡಿಯ ತಕ್ಕಡಿ ಕೊಡಬೇಕಾಗಿತ್ತು. ಕೊಡಬೇಕಾದವರು ತಾವೇ.

ಮೊದಲು ಆ ಹುಡುಗನ ಗುಳಿಗೆ. ದೊಡ್ಡವರೊಬ್ಬರಿಗೆ ದಿನಕ್ಕೆ 2,500 ಕ್ಯಾಲೊರಿ ಬೇಕು ಅಂತ ಹಿಡಿಯಿರಿ. ತಿನ್ನುವ ಪದಾರ್ಥಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಶಕ್ತಿ ಇರುವುದು ಎಣ್ಣೆ, ತುಪ್ಪದಲ್ಲಿ, ಅಂದರೆ ಗ್ರಾಂಗೆ 9 ಕ್ಯಾಲೊರಿ. ಬರೀ ಕೊಬ್ಬನ್ನೇ ತುಂಬಿದರೂ ದಿನಕ್ಕೆ 278 ಗ್ರಾಂ ಬೇಕಾಯಿತು. ಒಂದು ಗುಳಿಗೆಯಲ್ಲಿ ಅರ್ಧ ಗ್ರಾಂ ಹಿಡಿಸಿದರೆ ದಿನಕ್ಕೆ ಐನೂರೈವತ್ತು ಗುಳಿಗೆ! ಪಿಷ್ಟ, ಪ್ರೋಟೀನು ಗ್ರಾಂಗೆ 4 ಕ್ಯಾಲೊರಿಯಷ್ಟೇ ಕೊಡುವುದರಿಂದ ಅವನ್ನು ಸೇರಿಸಿದಷ್ಟೂ ಗುಳಿಗೆ ಹೆಚ್ಚಾಗುತ್ತವೆ. ಇಂದಿನ ಗಗನಯಾತ್ರಿಗೆ ಡಬ್ಬಿ, ಪಾಕೀಟು ಸೇರಿ ದಿನಕ್ಕೆ 1.8 ಕಿಲೋ ಆಹಾರ ಲೆಕ್ಕ ಹಿಡಿಯುತ್ತಾರೆ. ಮಂಗಳಕ್ಕೆ ಹೋಗಿ, ಮರಳಲು ಗ್ರಹಗಳು ಅನುಕೂಲದ ಜಾಗಕ್ಕೆ ಬರುವವರೆಗೆ ಕಾದು, ತಿರುಗಿ ಬರಲು ಸುಮಾರು 900 ದಿನ. ನಾಲ್ಕು ಜನಕ್ಕೆ ಆರೂವರೆ ಟನ್ ಬುತ್ತಿ! ಈ ಗುಣಾಕಾರಕ್ಕೆ ತಜ್ಞರು ಬೇಕೇ?

ಇನ್ನು ಅಲ್ಲಿ ಹೋಗಿ ಆಯಸ್ಸು ಬೆಳೆಸುವ ಮಾತು. ತೂಕವಿಲ್ಲದ ಜಾಗದಲ್ಲಿ ಸೊಂಟ, ತೊಡೆಯ ಎಲುಬು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ. ಅದನ್ನು ತಡೆಯಲೆಂದೇ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಾ ಎರಡು ತಾಸು ವ್ಯಾಯಾಮ. ಅಮೆರಿಕದ ಕ್ಯೂರಿಯಾಸಿಟಿ ನೌಕೆ ಮಂಗಳಕ್ಕೆ ಹೋಗುವಾಗ ದಾರಿಯಲ್ಲಿ ಅಳೆದ ವಿಕಿರಣ ದಿನಕ್ಕೆ 1.8 ಮಿಲಿಸೀವರ್ಟ್. ನೆಲದ ಮೇಲೆ ನಮಗೆ ಸಹಜವಾಗಿ ತಗಲುವುದು ವರ್ಷಕ್ಕೆ ಸರಾಸರಿ 2.4. ನೂರೈವತ್ತು ವರ್ಷ ಬಾಳಬೇಕೆಂದಿದ್ದರೆ ಹುಡುಗ ರೋಣದಲ್ಲೇ ಇರುವುದು ಮೇಲು.

ರೊಟ್ಟಿಯವರ ಕಡೆ ಬರೋಣ. 1940ರ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು 32 ವರ್ಷ, ಈಗ 70ರ ಆಸುಪಾಸು. ಇದನ್ನು ಕೇಳಿದ ಕೂಡಲೇ ಹುಡುಗ ಗೆದ್ದೆ ಅಂತಾನೆ. ತಡಿ ಅನ್ನಿ. ಒಂದು ಮನೆಯಲ್ಲಿ ಹತ್ತು ಮಕ್ಕಳು, ಅವುಗಳಲ್ಲಿ ನಾಲ್ಕು ಕೂಸು ಒಂದು ವರ್ಷ ತುಂಬುವ ಮೊದಲೇ ಹೋದವು, ಆರು 65ರವರೆಗೆ ಬಾಳಿದವು ಎಂದಿಟ್ಟುಕೊಳ್ಳಿ. ಸರಾಸರಿ 39. ಆ ಮನೆಯಲ್ಲಿ 39ಕ್ಕೆ ಸತ್ತವರು ಒಬ್ಬರೂ ಇಲ್ಲ. ಹಳೆಯ ಕಾಲದಲ್ಲೂ ಅಜ್ಜ-ಅಜ್ಜಿಯರು ಇದ್ದರು ಎಂಬುದು ನಿಜ. ಆದರೆ ಉಳಿದವರು ನಮ್ಮ ಕಣ್ಣಿಗೆ ಬಿದ್ದರು, ತೊಟ್ಟಿಲಲ್ಲೇ ಹೋದವರು ಲೆಕ್ಕಕ್ಕೆ ಬರಲಿಲ್ಲ. 1971ರಲ್ಲೂ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. 2020ಕ್ಕೆ ಅದು 28ಕ್ಕೆ ಇಳಿಯಿತು. ಇಳಿಸಿದ್ದು ಲಸಿಕೆ, ಶುದ್ಧ ನೀರು, ವಾಂತಿಭೇದಿಗೆ ಉಪ್ಪು-ಸಕ್ಕರೆ ನೀರು, ಆಸ್ಪತ್ರೆಯ ಹೆರಿಗೆ. ರೊಟ್ಟಿಯೂ ಅಲ್ಲ, ಗುಳಿಗೆಯ ಕನಸೂ ಅಲ್ಲ.

ನೂರು ದಾಟಿದ ಅಜ್ಜನ ವಯಸ್ಸನ್ನೂ ಒರೆಗೆ ಹಚ್ಚಿ. ರಜಾಕಾರರ ಹಾವಳಿಯಲ್ಲಿ, ಅಂದರೆ 1948ರಲ್ಲಿ, ಅಜ್ಜ ಎಷ್ಟು ದೊಡ್ಡವನಿದ್ದ? 1956ರ ಏಕೀಕರಣದ ಹೊತ್ತಿಗೆ ಮದುವೆಯಾಗಿತ್ತೇ? 1980ರ ಫೆಬ್ರುವರಿ 16ರಂದು ಹುಬ್ಬಳ್ಳಿ-ಗದಗ ಸೀಮೆಯಲ್ಲಿ ಖಗ್ರಾಸ ಸೂರ್ಯಗ್ರಹಣ ಹಿಡಿದು ಇಳಿಹೊತ್ತಿಗೇ ಕತ್ತಲಾದಾಗ ಮೊಮ್ಮಕ್ಕಳು ಹುಟ್ಟಿದ್ದವೇ? ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಹಿರಿಯ ಮಗ ಅಥವಾ ಮಗಳ ವಯಸ್ಸು. ಅಜ್ಜಿಗೆ ನೂರೈದು, ಹಿರಿ ಮಗನಿಗೆ 58 ಅಂದರೆ ಮೊದಲ ಹೆರಿಗೆ 47ಕ್ಕೆ ಆಗಿರಬೇಕು. ಅಲ್ಲಿಗೆ ಇಪ್ಪತ್ತು ವರ್ಷ ಉದುರಿದವು. ಇದು ನಮ್ಮೂರಿನ ರೋಗವಷ್ಟೇ ಅಲ್ಲ. 2010ರಲ್ಲಿ ಟೋಕಿಯೊದಲ್ಲಿ 111 ವರ್ಷದ ಹಿರಿಯರಿಗೆ ಗೌರವ ಸಲ್ಲಿಸಲು ಅಧಿಕಾರಿಗಳು ಹೋದರೆ, ಅವರು ತೀರಿ ಮೂವತ್ತು ವರ್ಷವಾಗಿತ್ತು. ಮನೆಯವರು ಪಿಂಚಣಿ ಎಣಿಸುತ್ತಿದ್ದರು. ದಫ್ತರು ಜಾಲಾಡಿದಾಗ, ನೂರು ದಾಟಿದವರೆಂದು ದಾಖಲಾದ 2.3 ಲಕ್ಷಕ್ಕೂ ಹೆಚ್ಚು ಜನರ ಪತ್ತೆಯೇ ಇಲ್ಲ. ಶತಾಯುಷಿಗಳು ಹೆಚ್ಚಿರುವುದು ಎಷ್ಟೋ ಕಡೆ ಹುಟ್ಟಿನ ದಾಖಲೆ ನೆಟ್ಟಗಿಲ್ಲದ ಜಾಗದಲ್ಲೇ ಎಂದು ತೋರಿಸಿದ ಸಂಶೋಧಕ ಸಾಲ್ ನ್ಯೂಮನ್ ಅವರಿಗೆ 2024ರಲ್ಲಿ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ, ಬಂತು.

ಹಾಗಂತ ರೊಟ್ಟಿಯನ್ನು ಬಿಟ್ಟುಕೊಡಲು ನಾವೂ ಸಿದ್ಧರಿಲ್ಲ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 4 ಮಿಲಿಗ್ರಾಂ ಕಬ್ಬಿಣ, ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು ನಾರು. ಕೊರತೆಯೂ ಇದೆ. ಪ್ರೋಟೀನಿನಲ್ಲಿ ಮೈಗೆ ಬೇಕೇ ಬೇಕಾದ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಅಷ್ಟಲ್ಲದೆ ಬೇಯಿಸಿದಾಗ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಬಿಗಿದುಕೊಂಡು ಅರಗುವುದು ತಡ. ದಖ್ಖನಿನಲ್ಲಿ ಜೋಳವೊಂದನ್ನೇ ತಿನ್ನುತ್ತಿದ್ದ ಬಡವರಿಗೆ ಪೆಲಾಗ್ರಾ ಬರುತ್ತಿತ್ತು. ಬಿಸಿಲು ಬಿದ್ದಲ್ಲೆಲ್ಲ, ಕೊರಳ ಸುತ್ತ, ಮುಂಗೈ ಮೇಲೆ ಚರ್ಮ ಕಪ್ಪಾಗಿ ಒಡೆಯುವ ರೋಗ. ಹೈದರಾಬಾದಿನಲ್ಲಿ ಆಹಾರ ವಿಜ್ಞಾನಿ ಸಿ. ಗೋಪಾಲನ್ ಮತ್ತು ಜತೆಗಾರರು 1960ರಲ್ಲಿ ಇದಕ್ಕೆ ಜೋಳದಲ್ಲಿನ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಕಾರಣವೆಂದರು. ಆ ವಾದ ಎಲ್ಲರೂ ಒಪ್ಪಿದ್ದಲ್ಲ. ನಿಯಾಸಿನ್ ಎಂಬ ಜೀವಸತ್ವದ ಅಭಾವ ಎಂಬುದರಲ್ಲಿ ಮಾತ್ರ ತಕರಾರಿಲ್ಲ. ಅಜ್ಜಂದಿರ ಕಾಲವನ್ನು ಹಾಡಿ ಹೊಗಳುವವರು ಈ ಪುಟವನ್ನು ಯಾವಾಗಲೂ ಹಾರಿಸುತ್ತಾರೆ.

ಆದ್ದರಿಂದ ಕಟ್ಟೆಯ ಹಿರಿಯರಿಗೆ ಹೀಗೆ ಹೇಳಿ: ಎರಡು ರೊಟ್ಟಿಗೆ ಹಿಡಿದ ಹಿಟ್ಟನ್ನು ಒಮ್ಮೆ ತೂಗಿ, ಸುಮಾರು 120 ಗ್ರಾಂ ಬರುತ್ತದೆ. ಅದರ ಜತೆ 30 ಗ್ರಾಂ ಹೆಸರುಕಾಳಿನ ಪಲ್ಯೆ ಇದ್ದರೆ ಏಳು ಗ್ರಾಂ ಪ್ರೋಟೀನು ಸೇರುತ್ತದೆ, ಲೈಸಿನ್ನೂ ತುಂಬುತ್ತದೆ. ಸೇಂಗಾ ಹಿಂಡಿ ಇದ್ದರೆ ನಿಯಾಸಿನ್ ಚಿಂತೆ ಇಲ್ಲ. ಪಲ್ಯೆಗೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಮೇಲೆ ಬಿಸಿ ಬಿಸಿ ಚಹಾ ಕುಡಿದರೆ ಅದರ ಒಗರು ಕಬ್ಬಿಣವನ್ನು ಕಟ್ಟಿ ಹಾಕುತ್ತದೆ. ಒಂದು ತಾಸು ತಡೆಯಿರಿ. ನಮ್ಮ ಕಡೆ ಇದನ್ನು ಪಾಲಿಸುವವರು ಯಾರೂ ಸಿಗಲಾರರು ಅನ್ನುವುದು ಬೇರೆ ಮಾತು.

ರಾಕೆಟ್ ದಂಡ ಎನ್ನುವವರಿಗೆ ಎರಡೇ ಲೆಕ್ಕ. ಮಂಗಳಯಾನಕ್ಕೆ ಆದದ್ದು 450 ಕೋಟಿ. 125 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಮೂರು ರೂಪಾಯಿ ಅರವತ್ತು ಪೈಸೆ. ಇನ್ನೊಂದು, 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಮೊಳಕೆ ಬರಿಸಲು ಒಯ್ದ ಹೆಸರು, ಮೆಂತ್ಯದ ಕಾಳಿನ ಪ್ರಯೋಗ ಧಾರವಾಡದ್ದು; ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿ ಕೂಡಿ ರೂಪಿಸಿದ್ದು. ಅಡುಗೆಮನೆಯಲ್ಲಿ ನೆನೆಸಿದ ಕಾಳನ್ನು ನೀರು ಬಸಿಯದೆ ಕಟ್ಟಿಟ್ಟರೆ ಲೋಳೆ ಬಂದು ನಾರುತ್ತದೆ, ಕಾಳಿಗೆ ಉಸಿರಾಡಲು ಗಾಳಿ ಸಿಗದ್ದಕ್ಕೆ. ಮೇಲೆ ಇದೇ ತೊಂದರೆ ದೊಡ್ಡದು. ಅಲ್ಲಿ ನೀರು ಕೆಳಗೆ ಬಸಿಯುವುದೇ ಇಲ್ಲ, ಕಾಳಿನ ಸುತ್ತ ಪೊರೆಯಾಗಿ ಅಂಟಿಕೊಳ್ಳುತ್ತದೆ. ನೀರು ಹನಿ ಲೆಕ್ಕದಲ್ಲಿ ಕೊಡಬೇಕು. ರೊಟ್ಟಿ ಮಾತ್ರ ಅಲ್ಲಿಗೆ ಹೋಗುವಂತಿಲ್ಲ. ಗೋದಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಕುದಿಯುವ ಎಸರು ಹಾಕಿದಾಗ ಪಿಷ್ಟ ಬಿರಿದು ಬರುವ ಜಿಗಿಯೇ ಅದನ್ನು ಹಿಡಿದಿಡುವುದು. ಒಣಗಿದರೆ ಪುಡಿಪುಡಿ, ಪುಡಿ ತೇಲಿ ಕಣ್ಣಿಗೂ ಯಂತ್ರಕ್ಕೂ ಹೊಗುತ್ತದೆ. 1965ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಯಂಗ್ ಕಿಸೆಯಲ್ಲಿ ಕದ್ದು ಒಯ್ದ ಸ್ಯಾಂಡ್‌ವಿಚ್ ಇದೇ ಕಾರಣಕ್ಕೆ ರಾದ್ಧಾಂತವಾಯಿತು. 1985ರಿಂದ ಅಲ್ಲಿ ಟಾರ್ಟಿಯಾ ಎಂಬ ಮೆಕ್ಸಿಕೊದ ಚಪಾತಿ ನಡೆಯುತ್ತಿದೆ.

ತಜ್ಞರಿಗೇ ಬಿಡಿ ಎಂದಿರಲ್ಲ, ಅವರ ಜಗಳವನ್ನೂ ನೋಡಿ. ಕಡಿಮೆ ತಿಂದರೆ ಆಯಸ್ಸು ಹೆಚ್ಚುತ್ತದೆಯೇ ಎಂದು ಅಮೆರಿಕದ ಎರಡು ಸಂಸ್ಥೆಗಳು ಮಂಗಗಳ ಮೇಲೆ ಇಪ್ಪತ್ತು ವರ್ಷ ನೋಡಿದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2009ರಲ್ಲಿ ಹೌದೆಂದರು, ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯವರು 2012ರಲ್ಲಿ ಇಲ್ಲವೆಂದರು. ವಿಸ್ಕಾನ್ಸಿನ್ ಮಂಗಗಳ ಮೇವಿನಲ್ಲಿ ಸಕ್ಕರೆ ಶೇಕಡಾ 28ರ ಮೇಲಿತ್ತು, ಇನ್ನೊಂದು ಕಡೆ 4ಕ್ಕೂ ಕಡಿಮೆ. “ಏನ್ ತಿನಿಸಿದ್ರಿ ಅವಕ್ಕ?” ಎಂಬ ಕಟ್ಟೆಯ ಪ್ರಶ್ನೆಯೇ ಅಲ್ಲಿಯ ಮುಖ್ಯ ಪ್ರಶ್ನೆಯಾಗಿತ್ತು.

ತಪ್ಪು ಕಟ್ಟೆಯವರದಲ್ಲ, ಶಾಲೆಯದು. ನಮ್ಮ ಜಿಲ್ಲೆಗಳಲ್ಲಿ ‘ವಿಜ್ಞಾನ ವರವೋ ಶಾಪವೋ’ ಚರ್ಚಾಸ್ಪರ್ಧೆ ತಲೆಮಾರುಗಳಿಂದ ನಡೆದಿದೆ. ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ, ಗಂಟೆ ಬಾರಿಸಿದರೆ ಮುಗಿಯಿತು. ಒಂದು ಅಂಕಿ ಹೇಳದೆ, ಎರಡು ವಚನ, ಒಂದು ಏರುದನಿಯಲ್ಲಿ ಢಾಲು ಗೆದ್ದು ಬಂದ ಮಕ್ಕಳೇ ಮುಂದೆ ಕಟ್ಟೆಗೆ ಬಂದು ಕೂರುತ್ತಾರೆ. ಪ್ರಯೋಗಾಲಯದ ತಕ್ಕಡಿ ಕಪಾಟಿನಲ್ಲಿ, ಕಪಾಟಿನ ಕೀಲಿಕೈ ವರ್ಗವಾಗಿ ಹೋದ ಸರ್ ಹತ್ತಿರ. ಪತ್ರಿಕೆಯವರಾದರೂ ಕಡಿಮೆಯೇ? ಪ್ರತಿ ಚುನಾವಣೆಗೂ ಶತಾಯುಷಿ ಮತದಾರರ ಫೋಟೊ, ಅವರ ಊಟದ ಗುಟ್ಟು. ಹಿರಿ ಮಗನ ವಯಸ್ಸೆಷ್ಟು ಅಂತ ಕೇಳುವ ವರದಿಗಾರ ಅಪರೂಪ.

ಆ ಮೂವರನ್ನು ಮತ್ತೆ ಕೂಡಿಸಿ, ಗುರುಗಳೇ. ಒಂದು ಕೆಲಸ ಹಚ್ಚಿ. ಊರಿನಲ್ಲಿ ಇನ್ನೂರು ಮನೆ ತಿರುಗಿ 23ರಿಂದ 62ರೊಳಗಿನವರ ವಯಸ್ಸನ್ನು ಬಾಯಿಂದ ಹೇಳಿಸಿ ಬರೆದುಕೊಳ್ಳಲಿ. ಸೊನ್ನೆ ಅಥವಾ ಐದರಲ್ಲಿ ಮುಗಿಯುವ ವಯಸ್ಸು ಎಷ್ಟು ಜನರದೆಂದು ಎಣಿಸಿ, 500ರಿಂದ ಗುಣಿಸಿ, ಒಟ್ಟು ಜನರಿಂದ ಭಾಗಿಸಲಿ. ಉತ್ತರ 100ರ ಹತ್ತಿರ ಬಂದರೆ ಊರವರಿಗೆ ತಮ್ಮ ವಯಸ್ಸು ಗೊತ್ತು. 500ರತ್ತ ಏರಿದಷ್ಟೂ ಎಲ್ಲ ಅಂದಾಜು. ಇದಕ್ಕೆ ವಿಪಲ್ ಸೂಚ್ಯಂಕ ಎನ್ನುತ್ತಾರೆ, ಜನಗಣತಿಯವರು ಬಳಸುವ ಲೆಕ್ಕವೇ. ಆಧಾರ್ ಕಾರ್ಡು ನೋಡಿ ಮಾತ್ರ ಬರೆದುಕೊಳ್ಳಬಾರದು, ಅದರಲ್ಲಿ ಜನವರಿ 1 ಮತ್ತು ಜೂನ್ 1ಕ್ಕೆ ಹುಟ್ಟಿದವರೇ ರಾಶಿ ಸಿಗುತ್ತಾರೆ. ಪಟ್ಟಿ ಇಪ್ಪತ್ತನೇ ತಾರೀಖಿನೊಳಗೆ ನಮ್ಮ ಕೈ ಸೇರಿದರೆ ಮುಂದಿನ ಸಂಚಿಕೆಗೇ ತೆಗೆದುಕೊಳ್ಳುತ್ತೇವೆ.

— ಸಂ.